ತಿರುವಲ್ಲಿ ಮೂತಿ ಹೊರಗೆ ಜಾರೋ ಕಾರಿಗೆ ದಪ್ಪ ಸ್ಟೆಬಿಲೈಜರ್ ರಾಡ್: ಹಾಕೋದು ಹೇಗೆ, ಯಾರಿಗೆ ಬೇಡ

ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದ್ರೆ ನಾಲ್ಕೈದು ತಿರುವು ಕಳೆಯೋ ಅಷ್ಟರಲ್ಲಿ ನಿಮ್ಮ ಕಾರಿನ ಸ್ವಭಾವ ಏನು ಅಂತ ಗೊತ್ತಾಗ್ಬಿಡತ್ತೆ. ಸ್ಟೀರಿಂಗ್ ತಿರುಗಿಸಿದೀವಿ, ಇನ್ನೂ ತಿರುಗಿಸಿದೀವಿ, ಆದ್ರೂ ಮೂತಿ ಮಾತ್ರ ನಾನು ನೇರಕ್ಕೇ ಹೋಗೋದು ಅಂತ ಹಟ ಹಿಡಿದ ಮಗು ತರ ಹೊರಗಡೆಗೇ ಎಳೀತಿರತ್ತೆ, ಪಕ್ಕದಲ್ಲಿ ಕೂತೋರು ಮೇಲಿನ ಹಿಡಿ ಹಿಡ್ಕೊಂಡು ಸುಮ್ಮನಾಗ್ಬಿಟ್ಟಿರ್ತಾರೆ. ಇದಕ್ಕೆ ಅಂಡರ್‌ಸ್ಟಿಯರ್ ಅಂತಾರೆ. ಇಂಜಿನ್ ಮುಂದೆ, ಎಳೆಯೋ ಚಕ್ರನೂ ಮುಂದೆ ಇರೋ ಕಾರುಗಳಲ್ಲಿ ಇದು ಇದ್ದೇ ಇರತ್ತೆ, ಯಾಕಂದ್ರೆ ತಿರುಗಿಸೋದು ಎಳೆಯೋದು ಭಾರ ಹೊರೋದು ಮೂರೂ ಅದೇ ಎರಡು ಟೈರ್ ಮಾಡ್ಬೇಕು. ಅದೂ ಅಲ್ದೆ ಕಂಪನಿಗಳು ಬೇಕಂತಲೇ ಕಾರನ್ನ ಈ ಕಡೆಗೇ ವಾಲಿಸಿ ಸೆಟ್ ಮಾಡಿರ್ತಾವೆ. ಹೆದರಿದ ಡ್ರೈವರ್ ಮೊದ್ಲು ಮಾಡೋದೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯೋದು, ಅಂಡರ್‌ಸ್ಟಿಯರ್ ಆಗ್ತಿರೋ ಕಾರು ಆಗ ನಿಧಾನ ಆಗಿ ತಾನೇ ದಾರಿಗೆ ಬರತ್ತೆ. ಬಾಲ ಬೀಸೋ ಕಾರು ಹಾಗಲ್ಲ, ಅದನ್ನ ಹಿಡಿಯೋಕೆ ಬೇರೆ ಕೈಯೇ ಬೇಕು.

ಈ ಹಟವನ್ನ ಸ್ವಲ್ಪ ಇಳಿಸೋಕೆ ಇರೋ ಕಡಿಮೆ ಖರ್ಚಿನ ಉಪಾಯ ಅಂದ್ರೆ ಹಿಂದಿನ ಸ್ವೇ ಬಾರ್, ಅಂದ್ರೆ ಹಿಂದಿನ ಎಡ ಬಲ ಚಕ್ರಗಳ ಸಸ್ಪೆನ್ಷನ್ನನ್ನ ಸೇರಿಸೋ ರಾಡ್, ದಪ್ಪ ಮಾಡೋದು. ನಮ್ಮ ಗ್ಯಾರೇಜ್‌ಗಳಲ್ಲಿ ಸ್ವೇ ಬಾರ್ ಅಂದ್ರೆ ಮುಖ ನೋಡ್ತಾರೆ, ಸ್ಟೆಬಿಲೈಜರ್ ರಾಡ್ ಅನ್ನಿ, ಕೆಲವರು ಆಂಟಿ ರೋಲ್ ಬಾರ್ ಅಂತಾನೂ ಅಂತಾರೆ, ಎಲ್ಲಾ ಒಂದೇ. ನಾನು ಇದನ್ನ ಮಾಡಿದ್ದು ನನ್ನ ಹಳೇ ಹೋಂಡಾ ಸಿವಿಕ್‌ಗೆ, 2006ರಲ್ಲಿ ಇಲ್ಲಿಗೆ ಬಂತಲ್ಲ ಆ 1.8 ಲೀಟರ್ ಪೆಟ್ರೋಲ್ ಗಾಡಿ.

ಮೊದ್ಲು ಕಾರಿನ ಕೆಳಗೆ ಬಗ್ಗಿ ನೋಡಿ

ದುಡ್ಡು ಕೊಡೋಕೆ ಮುಂಚೆ ಇದೊಂದು ಕೆಲಸ. ಸ್ವಿಫ್ಟ್, ಬಲೆನೊ, ಐ20, ಪೋಲೊ, ಸಿಟಿ, ಹೀಗೆ ನಮ್ಮ ರಸ್ತೆಲಿ ಓಡೋ ಬಹುಪಾಲು ಸಣ್ಣ ಕಾರುಗಳಿಗೆ ಹಿಂದೆ ಇರೋದು ಟಾರ್ಷನ್ ಬೀಮ್, ಅಂದ್ರೆ ಎರಡೂ ಚಕ್ರವನ್ನ ಸೇರಿಸೋ ಒಂದೇ ದಪ್ಪ ತೊಲೆ. ಆ ತೊಲೆ ತಾನೇ ತಿರುಚ್ಕೊಂಡು ಸ್ಟೆಬಿಲೈಜರ್ ಕೆಲಸವನ್ನೂ ಮಾಡತ್ತೆ, ಹಾಗಾಗಿ ಬಿಚ್ಚಿ ಬದಲಾಯಿಸೋಕೆ ಅಲ್ಲಿ ಬೇರೆ ರಾಡೇ ಇರಲ್ಲ. ಬೀಮಿಗೆ ಅಡ್ಡ ಕಟ್ಟೋ ಹೆಚ್ಚುವರಿ ರಾಡ್ ಕೆಲವು ಮಾಡೆಲ್‌ಗೆ ಸಿಗತ್ತೆ, ಆದ್ರೆ ಅದು ಬೇರೆ ಕಥೆ. ಇಲ್ಲಿ ಹೇಳ್ತಿರೋದು ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇದ್ದು, ನಡುವೆ 'ಯು' ಅಕ್ಷರದ ಹಾಗೆ ಬಗ್ಗಿಸಿದ ಒಂದು ಕಬ್ಬಿಣದ ರಾಡ್ ಇರೋ ಕಾರುಗಳ ಬಗ್ಗೆ. ಹಿಂದಿನ ಚಕ್ರ ಓಡಿಸೋ ಗಾಡಿ ಇದ್ರೆ ಇಲ್ಲಿಗೇ ಓದೋದು ನಿಲ್ಸಿ, ಅದಕ್ಕೆ ಹಿಂದೆ ದಪ್ಪ ರಾಡ್ ಹಾಕಿದ್ರೆ ಮಳೇಲಿ ಬಾಲ ಇನ್ನೂ ಬೇಗ ಜಾರತ್ತೆ.

ಇನ್ನೊಂದು ಮಾತು. ಟೈರ್ ನುಣ್ಣಗೆ ಬೋಳಾಗಿದೆ, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರ್ತಿದೆ, ಕೀಲುಗಳಲ್ಲಿರೋ ರಬ್ಬರ್ ಬುಷ್ ಎಲ್ಲಾ ಪುಡಿ ಆಗಿದೆ, ಅದನ್ನ ಹಾಗೇ ಬಿಟ್ಟು ರಾಡ್ ತರೋಕೆ ಹೊರಟ್ರೆ ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ ಅದೇ ಆಗತ್ತೆ. ನಾನು ಮೊದಲು ನಾಲ್ಕು ಟೈರ್ ಬದಲಾಯಿಸಿದೆ, ಅರ್ಧ ಕಾಯಿಲೆ ಅಲ್ಲೇ ವಾಸಿ ಆಯ್ತು.

ಇದು ಕೆಲಸ ಮಾಡೋದು ಹೇಗೆ

ರಾಡಿನ ನಡು ಭಾಗವನ್ನ ಎರಡು ರಬ್ಬರ್ ಬುಷ್ ಕಾರಿನ ಫ್ರೇಮಿಗೆ ಹಿಡಿದಿರತ್ತೆ, ಎರಡು ತುದಿ ಲಿಂಕ್ ರಾಡ್ ಅನ್ನೋ ಸಣ್ಣ ಕೊಂಡಿಗಳ ಮೂಲಕ ಎಡ ಬಲ ಚಕ್ರದ ತೋಳಿಗೆ ಸೇರಿರತ್ತೆ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದ್ರೆ ರಾಡ್ ಬುಷ್ ಒಳಗೆ ಸುಮ್ನೆ ತಿರುಗತ್ತೆ, ಏನೂ ವಿರೋಧ ಮಾಡಲ್ಲ. ಆದ್ರೆ ತಿರುವಲ್ಲಿ ಕಾರು ವಾಲಿ ಒಂದು ಕಡೆ ಮೇಲೆ ಇನ್ನೊಂದು ಕಡೆ ಕೆಳಗೆ ಆದಾಗ ಒದ್ದೆ ಪಂಚೆ ಹಿಂಡಿದ ಹಾಗೆ ರಾಡ್ ತಿರುಚ್ಕೊಳತ್ತೆ, ತಿರುಚೋಕೆ ಅದು ಒಪ್ಪಲ್ಲ, ಆ ಒಪ್ಪದೇ ಇರೋದೇ ನಮಗೆ ಬೇಕಾಗಿರೋದು.

ಕಾರು ಕಮ್ಮಿ ವಾಲತ್ತೆ ಅದಕ್ಕೆ ಚೆನ್ನಾಗಿ ತಿರುಗತ್ತೆ ಅಂತ ಎಲ್ರೂ ಅನ್ಕೊಳ್ತಾರೆ, ನಾನೂ ಹಾಗೇ ಅನ್ಕೊಂಡಿದ್ದೆ, ಆದ್ರೆ ನಿಜವಾದ ಕಾರಣ ಬೇರೆ. ತಿರುವಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಒಂದಷ್ಟು ಭಾರ ಹೋಗೇ ಹೋಗತ್ತೆ. ಆ ಒಟ್ಟು ಭಾರ ಎಷ್ಟು ಅನ್ನೋದನ್ನ ಮುಖ್ಯವಾಗಿ ತೀರ್ಮಾನ ಮಾಡೋದು ಕಾರಿನ ತೂಕ, ಅದು ಎಷ್ಟು ಎತ್ತರದಲ್ಲಿದೆ, ಚಕ್ರಗಳ ನಡುವಿನ ಅಗಲ, ನಿಮ್ಮ ವೇಗ. ರಾಡ್ ಅದನ್ನ ಹೆಚ್ಚುಕಮ್ಮಿ ಬದಲಾಯಿಸಲ್ಲ, ಅದ್ರಲ್ಲಿ ಮುಂದಿನ ಜೋಡಿಗೆ ಎಷ್ಟು ಪಾಲು ಹಿಂದಿನ ಜೋಡಿಗೆ ಎಷ್ಟು ಪಾಲು ಅನ್ನೋದನ್ನ ಬದಲಾಯಿಸತ್ತೆ ಅಷ್ಟೆ. ಹಿಂದೆ ರಾಡ್ ಗಟ್ಟಿ ಮಾಡಿದ್ರೆ ಹಿಂದಿನ ಜೋಡಿ ಹೆಚ್ಚು ಪಾಲು ಹೊರತ್ತೆ, ಮುಂದಿನ ಎರಡು ಟೈರ್ ನಡುವೆ ಭಾರ ಮೊದಲಿಗಿಂತ ಸಮವಾಗಿ ಉಳಿಯತ್ತೆ. ಒಬ್ಬ ಆಳಿನ ತಲೆ ಮೇಲೆ ಎರಡು ಮೂಟೆ ಹೊರಿಸಿ ಇನ್ನೊಬ್ಬನನ್ನ ಸುಮ್ನೆ ನಿಲ್ಸಿದ್ರೆ ಇಬ್ರು ಒಂದೊಂದು ಹೊತ್ತಷ್ಟು ಕೆಲಸ ಆಗತ್ತಾ? ಟೈರೂ ಹಾಗೇನೆ, ಭಾರ ಎರಡು ಪಟ್ಟು ಆದ್ರೆ ಹಿಡಿತ ಎರಡು ಪಟ್ಟು ಆಗಲ್ಲ. ಹಾಗಾಗಿ ಸಮವಾಗಿ ಹೊತ್ತ ಮುಂದಿನ ಜೋಡಿಗೆ ಹಿಡಿತ ಜಾಸ್ತಿ, ಹಿಂದಿನ ಜೋಡಿಗೆ ಕಮ್ಮಿ. ಹಿಡಿತ ಎಲ್ಲಿಂದಲೋ ಹೊಸದಾಗಿ ಹುಟ್ಟಲ್ಲ, ಹಿಂದಿನ ಟೈರ್ ಹತ್ರ ಸಾಲ ತಗೊಂಡು ಮುಂದಿನದಕ್ಕೆ ಕೊಡ್ತಿದೀವಿ. ಜೋರಾಗಿ ತಿರುಗೋ ಸಣ್ಣ ಕಾರುಗಳು ಹಿಂದಿನ ಒಳಚಕ್ರವನ್ನ ನಾಯಿ ಕಾಲೆತ್ತಿದ ಹಾಗೆ ಎತ್ಕೊಂಡು ಹೋಗೋ ಫೋಟೊ ನೋಡಿರ್ತೀರಲ್ಲ, ಅದು ಈ ಸಾಲದ ಕೊನೇ ಹಂತ.

ಎಷ್ಟು ದಪ್ಪ?

ಇಲ್ಲೇ ಎಲ್ರೂ ಮೋಸ ಹೋಗೋದು. ರಾಡಿನ ಬಿಗಿ, ಅಂದ್ರೆ ತಿರುಚೋಕೆ ಒಪ್ಪದೇ ಇರೋ ಗುಣ, ಹೆಚ್ಚೋದು ವ್ಯಾಸದ ನಾಲ್ಕನೇ ಘಾತದಲ್ಲಿ. 16 ಮಿ.ಮೀ. ರಾಡ್ ತೆಗೆದು 19 ಹಾಕಿದ್ರೆ ಮೂರೇ ಮಿಲ್ಲಿಮೀಟರ್ ಅಲ್ವಾ ಅನ್ಸತ್ತೆ, ಲೆಕ್ಕ ಹಾಕಿದ್ರೆ ಬಿಗಿ ಹತ್ರ ಹತ್ರ ಎರಡು ಪಟ್ಟು. 16ರಿಂದ 22ಕ್ಕೆ ಹೋದ್ರೆ ಮೂರೂವರೆ ಪಟ್ಟು ದಾಟತ್ತೆ. ಹಳೇ ರಾಡಿನ ದಪ್ಪ ಕಣ್ಣಂದಾಜಲ್ಲಿ ಹೇಳ್ಬೇಡಿ, ವರ್ನಿಯರ್ ಕ್ಯಾಲಿಪರ್ ಹಿಡಿದು ಪೇಂಟು ಮಣ್ಣು ಒರೆಸಿ ಅಳೀರಿ, ಆಮೇಲೆ ಬಿಗಿ ಎರಡು ಪಟ್ಟಿನ ಆಸುಪಾಸಲ್ಲಿ ಇರೋದನ್ನ ಆರಿಸಿ. ರಸ್ತೆ ಮೇಲೆ ಓಡಿಸೋ ಕಾರಿಗೆ ಅದಕ್ಕಿಂತ ಬೇಡ ಅನ್ನೋದು ನನ್ನ ಅಭಿಪ್ರಾಯ.

ಪೊಳ್ಳು ರಾಡ್ ಕೊಟ್ರೆ ಮುಖ ಸಿಂಡರಿಸ್ಬೇಡಿ. ತಿರುಚೋದನ್ನ ತಡೆಯೋದು ಹೊರಗಿನ ಪದರ, ನಡುವಿನ ಕಬ್ಬಿಣ ಸುಮ್ನೆ ತೂಕ. 19 ಮಿ.ಮೀ. ರಾಡಿನ ಒಳಗೆ 12 ಮಿ.ಮೀ. ತೂತು ಇದ್ರೆ ತೂಕ ಶೇ 40ರಷ್ಟು ಇಳಿಯತ್ತೆ, ಬಿಗಿ ಇಳಿಯೋದು ಬರೀ ಶೇ 16. ಕೆಲವು ರಾಡಿನ ತುದಿಲಿ ಎರಡು ಮೂರು ತೂತು ಇರತ್ತೆ, ತುದಿಗೆ ಹತ್ರ ಇರೋದು ಮೆತ್ತಗೆ, ಒಳಗಡೆ ಇರೋದು ಬಿಗಿ, ಶುರುವಲ್ಲಿ ಮೆತ್ತಗಿನದಕ್ಕೇ ಲಿಂಕ್ ಹಾಕಿ. ಬೆಂಗಳೂರಲ್ಲಿ ಇದ್ರೆ ಗಾಡಿ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರೋಡಲ್ಲಿ ಒಂದು ರೌಂಡ್ ಹಾಕಿ, ಅದೇ ಮಾಡೆಲ್‌ನ ಮೇಲ್ದರ್ಜೆ ಗಾಡಿಯ ದಪ್ಪ ರಾಡ್ ಕೆಲವೊಮ್ಮೆ ನೇರವಾಗಿ ಕೂರತ್ತೆ. ರಾಡ್ ಜೊತೆ ಅದೇ ಅಳತೆಯ ಬುಷ್ ತಗೊಳ್ಳೋದು ಮರೀಬೇಡಿ, ಹಳೇ ಬುಷ್‌ಗೆ ದಪ್ಪ ರಾಡ್ ತೂರಲ್ಲ. ಲಿಂಕ್ ರಾಡ್ ಹಳೇದಾಗಿದ್ರೆ ಅದನ್ನೂ ಹೊಸದು ತನ್ನಿ, ಹೇಗೂ ಬಿಚ್ಚೋದೇ.

ಬಿಚ್ಚೋದು

ಹಿಂದಿನ ರಾತ್ರಿನೇ ಎಲ್ಲಾ ನಟ್ಟಿಗೂ ಡಬ್ಲ್ಯೂಡಿ-40 ಹೊಡೆದು ಬಿಡಿ. ಮಂಗಳೂರು ಉಡುಪಿ ಕಡೆ ಓಡಿದ ಗಾಡಿ ಆದ್ರೆ ಎರಡು ರಾತ್ರಿ ಹೊಡೀರಿ, ಕಡಲ ಗಾಳಿಯ ತುಕ್ಕು ಸುಮ್ನೆ ಬಿಡಲ್ಲ.

ಸಮತಟ್ಟು ಕಾಂಕ್ರೀಟ್ ನೆಲದ ಮೇಲೆ ಗಾಡಿ ನಿಲ್ಸಿ ಮೊದಲ ಗೇರಲ್ಲಿ ಇಡಿ, ಆಟೊಮ್ಯಾಟಿಕ್ ಆದ್ರೆ ಪಾರ್ಕಲ್ಲಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ದಿಮ್ಮಿನೋ ಕಲ್ಲೋ ಕೊಡಿ. ಹ್ಯಾಂಡ್‌ಬ್ರೇಕ್ ಎಳೆದಿದೀನಲ್ಲ ಅಂತ ಧೈರ್ಯ ಬೇಡ, ಅದು ಹಿಡಿಯೋದು ಹಿಂದಿನ ಚಕ್ರವನ್ನ, ಅವು ಗಾಳಿಲಿ ಇರ್ತಾವೆ. ವೀಲ್ ನಟ್ ಅರ್ಧ ಸುತ್ತು ನೆಲದ ಮೇಲಿರುವಾಗ್ಲೇ ಸಡಿಲ ಮಾಡ್ಕೊಳ್ಳಿ.

ಈಗ ಮುಖ್ಯವಾದ ಮಾತು, ಹಿಂದಿನ ಎರಡೂ ಕಡೆ ಒಟ್ಟಿಗೆ ಎತ್ತಬೇಕು. ಮೊದಲ ಸಲ ನಾನು ಸ್ಟೆಪ್ನಿ ಹಾಕೋ ಹಾಗೆ ಎಡಗಡೆ ಮಾತ್ರ ಎತ್ತಿ ಲಿಂಕ್ ಬಿಚ್ಚೋಕೆ ಕೂತೆ, ಒಂದು ಚಕ್ರ ನೇತಾಡ್ತಿದೆ ಇನ್ನೊಂದು ನೆಲದ ಮೇಲಿದೆ ಅಂದ್ರೆ ರಾಡ್ ಪೂರ್ತಿ ತಿರುಚಿ ಬಿಗಿಯಾಗಿರತ್ತೆ, ನಟ್ ಬಿಚ್ಚಿದ್ರೂ ಬೋಲ್ಟ್ ಅಲ್ಲಾಡಲಿಲ್ಲ, ಸುತ್ತಿಗೇಲಿ ಹೊಡೆದೆ, ಬೋಲ್ಟಿನ ಥ್ರೆಡ್ ಹಾಳಾಯ್ತು, ಒಂದು ಹೊಸ ಲಿಂಕಿನ ದುಡ್ಡು ದಂಡ. ಎರಡೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು ಎರಡೂ ಚಕ್ರ ಸಮವಾಗಿ ನೇತಾಡಿದ್ರೆ ರಾಡಲ್ಲಿ ಒತ್ತಡನೇ ಇರಲ್ಲ, ಬೋಲ್ಟ್ ಬೆರಳಲ್ಲಿ ಎಳೆದ್ರೆ ಬರತ್ತೆ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕ್ಬೇಡಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಗಾಡಿನ ಕೈಯಲ್ಲಿ ಜೋರಾಗಿ ಅಲ್ಲಾಡ್ಸಿ, ತೆಗೆದ ಚಕ್ರಗಳನ್ನ ಕಾರಿನ ಕೆಳಗೆ ಮಲಗಿಸಿಡಿ. ಸ್ಟ್ಯಾಂಡ್ ಇಲ್ಲಾಂದ್ರೆ ರಾಂಪ್ ಇರೋ ಗ್ಯಾರೇಜಿಗೆ ಹೋಗಿ, ಇಟ್ಟಿಗೆ ಜೋಡಿಸೋ ಸಾಹಸ ಬೇಡ.

ಲಿಂಕಿನ ನಟ್ ತಿರುಗಿಸಿದ್ರೆ ಒಳಗಿನ ಬಾಲ್ ಜಾಯಿಂಟ್ (ಗುಂಡು ಕೂತಿರೋ ಕೀಲು) ಕೂಡ ಜೊತೆಗೇ ತಿರುಗತ್ತೆ, ಅದಕ್ಕೆ ಬೋಲ್ಟಿನ ತುದಿಲಿ ಅಲೆನ್ ಕೀ ತೂರಿಸಿ ಹಿಡ್ಕೊಂಡು ರಿಂಗ್ ಸ್ಪ್ಯಾನರಲ್ಲಿ ನಟ್ ತಿರುಗಿಸ್ಬೇಕು. ಆ ತೂತಲ್ಲಿ ಮಣ್ಣು ತುಂಬಿರತ್ತೆ, ಕೆರೆದು ತೆಗೀರಿ, ಇಲ್ಲಾಂದ್ರೆ ಅಲೆನ್ ಕೀ ಜಾರಿ ಮೂಲೆ ಸವೆದು ಹೋಗತ್ತೆ. ಎರಡೂ ಲಿಂಕ್ ಆದ್ಮೇಲೆ ಬುಷ್ ಹಿಡಿದಿರೋ ಕ್ಲ್ಯಾಂಪ್ ಬಿಚ್ಚಿ. ಇನ್ನು ರಾಡನ್ನ ಹೊರಗೆ ತೆಗೆಯೋದು ಸೈಲೆನ್ಸರ್ ಮೇಲಿಂದ ಹಾವು ನುಸುಳಿಸೋ ಕೆಲಸ, ಸೈಲೆನ್ಸರ್ ಅಡ್ಡ ಬಂದ್ರೆ ಅದು ನೇತಾಡ್ತಿರೋ ರಬ್ಬರ್‌ಗೆ ಸೋಪು ನೀರು ಸವರಿ ಒಂದೆರಡು ಕಳಚಿ. ಆಚೆ ಬರೋವಾಗ ಯಾವ ಕಡೆ ಮೇಲೆ ಇತ್ತು ಅಂತ ಫೋಟೊ ತಗೊಳ್ಳಿ, ಆಮೇಲೆ ನೆನಪಿರಲ್ಲ.

ಹಾಕೋದು

ಹಳೇದು ಹೊಸದು ಎರಡನ್ನೂ ನೆಲದ ಮೇಲೆ ಪಕ್ಕ ಪಕ್ಕ ಇಟ್ಟು ಬಾಗು ಬಾಗು ಹೋಲಿಸಿ, ದಪ್ಪ ಬಿಟ್ಟು ಬೇರೇನಾದ್ರೂ ಬೇರೆ ಕಂಡ್ರೆ ಅಂಗಡಿಗೆ ವಾಪಸ್.

ಬುಷ್ ವಿಷಯದಲ್ಲಿ ಎರಡು ಜಾತಿ. ಮಾಮೂಲಿ ರಬ್ಬರ್ ಬುಷ್‌ಗೆ ಗ್ಯಾರೇಜಿನ ಗ್ರೀಸ್ ಸವರಬಾರದು, ಪೆಟ್ರೋಲಿಯಂ ಗ್ರೀಸಿಗೆ ರಬ್ಬರ್ ಉಬ್ಬಿ ಹಾಳಾಗತ್ತೆ. ಪಾಲಿಯೂರಿಥೇನ್ ಬುಷ್ ಆದ್ರೆ ಉಲ್ಟಾ, ಒಳಗೆ ಸಿಲಿಕೋನ್ ಗ್ರೀಸ್ ಧಾರಾಳವಾಗಿ ಬೇಕೇ ಬೇಕು, ನಾನು ಜಿಪುಣತನ ಮಾಡಿದ್ದಕ್ಕೆ ಎರಡು ವಾರದಲ್ಲಿ ಪ್ರತಿ ಹಂಪಿಗೂ ಹಳೇ ಉಯ್ಯಾಲೆ ಸರಪಳಿ ತರ ಕಿರ್ರ್ ಅನ್ನೋಕೆ ಶುರುವಾಗಿ ಮತ್ತೆ ಬಿಚ್ಚಬೇಕಾಯ್ತು. ಹಳೇ ಬುಷ್‌ನ ಸೀಳು ಯಾವ ಕಡೆಗಿತ್ತೋ ಹೊಸದೂ ಆ ಕಡೆಗೇ ಇರ್ಲಿ.

ಎಲ್ಲಾ ಬೋಲ್ಟನ್ನೂ ಮೊದಲು ಕೈಯಲ್ಲೇ ನಾಲ್ಕೈದು ಸುತ್ತು ಹತ್ತಿಸಿ, ರಾಡನ್ನ ಎಡ ಬಲ ಸರಿಸಿ ಮಧ್ಯಕ್ಕೆ ತನ್ನಿ, ಆಮೇಲೆ ಕ್ಲ್ಯಾಂಪ್ ಬಿಗಿ ಮಾಡಿ, ಕೊನೆಗೆ ಲಿಂಕ್. ಎಷ್ಟು ಬಿಗಿ ಆಯ್ತು ಅಂತ ಅಳೆದು ಹೇಳೋ ಟಾರ್ಕ್ ರೆಂಚ್ ಇಟ್ಕೊಳ್ಳಿ. ಸಾಧಾರಣ 8.8 ದರ್ಜೆಯ 8 ಮಿ.ಮೀ. ಬೋಲ್ಟ್ ತಡಕೊಳ್ಳೋದು 25 ನ್ಯೂಟನ್ ಮೀಟರ್ ಆಸುಪಾಸು, ಉದ್ದ ಹ್ಯಾಂಡಲ್ ಹಾಕಿ ಒದ್ದು ಬಿಗಿ ಮಾಡಿದ್ರೆ ಪಟ್ ಅಂತ ಮುರಿಯತ್ತೆ, ನಿಮ್ಮ ಗಾಡಿಯ ಮ್ಯಾನ್ಯುಯಲ್ ಏನು ಹೇಳತ್ತೋ ಅದೇ ಕೊನೇ ಮಾತು. ಲಿಂಕಿನ ತುದಿಲಿ ಬಾಲ್ ಜಾಯಿಂಟ್ ಬದಲು ರಬ್ಬರ್ ಬುಷ್ ಇದ್ರೆ ಅದರ ಕೊನೇ ಬಿಗಿತ ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಮಾಡಿ.

ಇಳಿಸೋಕೆ ಮುಂಚೆ ಬ್ರೇಕ್ ಪೈಪ್, ಎಬಿಎಸ್ ವೈರ್, ಸೈಲೆನ್ಸರ್ ಯಾವುದಕ್ಕೂ ರಾಡ್ ತಾಗ್ತಿಲ್ಲ ಅಂತ ಬೆರಳು ಆಡಿಸಿ ನೋಡಿ. ವೀಲ್ ನಟ್ ಒಂದಾದ್ಮೇಲೆ ಎದುರಿನದು ಅನ್ನೋ ಕ್ರಮದಲ್ಲಿ, ಸಿವಿಕ್‌ಗೆ 108 ನ್ಯೂಟನ್ ಮೀಟರ್.

ಓಡಿಸಿ ನೋಡೋದು

ಟೈರ್ ಗಾಳಿ ಸರಿಯಾಗಿ ಇಟ್ಕೊಂಡು, ಬೆಳಗಿನ ಜಾವ ಖಾಲಿ ರಸ್ತೆಲಿ ನಿಮಗೆ ಚೆನ್ನಾಗಿ ಪರಿಚಯ ಇರೋ ಒಂದೇ ಸರ್ಕಲ್ ಅಥವಾ ತಿರುವನ್ನ ಮೊದಲು ಹೋಗ್ತಿದ್ದ ವೇಗದಲ್ಲೇ ಹೋಗಿ. ಸ್ಟೀರಿಂಗ್ ಕಮ್ಮಿ ತಿರುಗಿಸಿದ್ರೂ ಮೂತಿ ಒಳಗೆ ಬರೋದು ತಕ್ಷಣ ಗೊತ್ತಾಗತ್ತೆ. ನಾನು ಮೊದಲ ದಿನ ಅಭ್ಯಾಸ ಬಲದಿಂದ ಹೆಚ್ಚು ತಿರುಗಿಸಿ ಡಿವೈಡರ್ ಕಡೆಗೇ ಹೋಗ್ಬಿಟ್ಟಿದ್ದೆ.

ಕೆಡುಕೂ ಇದೆ. ಒಂದು ಚಕ್ರ ಗುಂಡಿಗೆ ಇಳಿದ್ರೆ ದಪ್ಪ ರಾಡ್ ಆ ಏಟನ್ನ ಇನ್ನೊಂದು ಕಡೆಗೂ ದಾಟಿಸತ್ತೆ, ನಮ್ಮ ರಸ್ತೆಗಳಲ್ಲಿ ಹಿಂದಿನ ಸೀಟಲ್ಲಿ ಕೂತೋರ ತಲೆ ಎಡಕ್ಕೆ ಬಲಕ್ಕೆ ಆಡತ್ತೆ, ಅಮ್ಮ ಒಂದೇ ಟ್ರಿಪ್ಪಲ್ಲಿ ಕಂಡುಹಿಡಿದ್ರು, ಏನೋ ಗಾಡಿ ಎತ್ತಿನಗಾಡಿ ಆಗಿದೆ ಅಂತ. ಅದಕ್ಕಿಂತ ದೊಡ್ಡದು ಮಳೆಗಾಲ. ಜುಲೈಲಿ ಘಾಟಿಯ ನೆನೆದ ತಿರುವಲ್ಲಿ ವೇಗ ಜಾಸ್ತಿ ಆಯ್ತು ಅಂತ ನಡುವಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಭಾರ ಮುಂದಕ್ಕೆ ಬೀಳತ್ತೆ, ಮೊದಲೇ ಹಿಡಿತ ಸಾಲ ಕೊಟ್ಟಿರೋ ಹಿಂದಿನ ಟೈರ್ ಹಗುರಾಗಿ ಬಾಲ ಹೊರಗೆ ಬೀಸತ್ತೆ. ಬ್ರೇಕ್ ಎಲ್ಲಾ ತಿರುವಿಗೆ ಮುಂಚೆನೇ ಮುಗಿಸಿ, ತಿರುವಿನ ಒಳಗೆ ಕಾಲು ಹಗುರಾಗಿ ಒತ್ತಿರ್ಲಿ. ಅದೇ ಕಾರಣಕ್ಕೆ ಹೊಸ ಟೈರ್ ಎರಡೇ ಹಾಕಿಸೋ ಪರಿಸ್ಥಿತಿ ಬಂದ್ರೆ ಅವು ಹಿಂದೆನೇ ಇರ್ಬೇಕು. ಮನೇಲಿ ಇದೇ ಗಾಡಿ ಓಡಿಸೋರು ಬೇರೆ ಯಾರಾದ್ರೂ ಇದ್ರೆ ಅವರಿಗೂ ಹೇಳಿ, ಇನ್ಶೂರೆನ್ಸ್ ಕಂಪನಿಗೂ ಒಂದು ಪತ್ರ ಬರೆದು ತಿಳಿಸಿ.

ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಕೆಳಗೆ ಹೋಗಿ ಕ್ಲ್ಯಾಂಪ್ ಲಿಂಕ್ ಎರಡರ ಬಿಗಿಯನ್ನೂ ನೋಡಿ, ಕಟ್ ಕಟ್ ಶಬ್ದ ಬರ್ತಿದ್ರೆ ಹತ್ರಹತ್ರ ಯಾವಾಗ್ಲೂ ಲಿಂಕ್ ನಟ್ಟೇ ಸಡಿಲ ಆಗಿರತ್ತೆ. ಹಳೇ ರಾಡನ್ನ ಗುಜರಿಗೆ ಹಾಕ್ಬೇಡಿ, ಗೋಣಿಲಿ ಸುತ್ತಿ ಅದರ ಬುಷ್ ಕ್ಲ್ಯಾಂಪ್ ಜೊತೆ ಅಟ್ಟದ ಮೇಲೆ ಇಡಿ, ಗಾಡಿ ಮಾರೋವಾಗ ವಾಪಸ್ ಹಾಕೋಕೆ ಬೇಕಾಗತ್ತೆ.