ತಪ್ಪು ದೋಷ ಹೇಳಿದ ಗ್ಯಾರೇಜಿನಿಂದ ಹಣ ಮರಳಿ ಪಡೆದ ಕ್ರಮ

ಎಂಜಿನ್ ದೀಪ ಉರಿಯುತ್ತಿತ್ತು, ನಿಂತಲ್ಲಿ ಕಾರು ನಡುಗುತ್ತಿತ್ತು, ಸ್ಕ್ಯಾನರ್ ಪಿ0171 ಎಂಬ ಕೋಡನ್ನು, ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂಬ ಸೂಚನೆಯನ್ನು ತೋರಿಸುತ್ತಿತ್ತು. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ (ಎಂಜಿನ್ ಬಿಡುವ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಭಾಗ) ಕೆಟ್ಟಿದೆಯೆಂದು ಹೊಸದನ್ನು ಹಾಕಿದರು; ಮೂರನೆಯ ದಿನ ಅದೇ ದೀಪ ಮತ್ತೆ ಉರಿಯಿತು.

ಫೋನಿನಲ್ಲಿ ಕೇಳಿದ್ದಾಗಲಿ, ಕೌಂಟರಿನ ಮುಂದೆ ವಾದಿಸಿದ್ದಾಗಲಿ, ‘ಕಾರು ಸರಿಯಾಗಿಲ್ಲ’ ಎಂದಷ್ಟೇ ಪತ್ರ ಬರೆದದ್ದಾಗಲಿ ಫಲಿಸಲಿಲ್ಲ. ದೀಪ ಮತ್ತೆ ಉರಿದದ್ದು ಹೊಸ ದೋಷದಿಂದಲೂ ಇರಬಹುದಾದ್ದರಿಂದ ಅದೊಂದೇ ಪುರಾವೆಯಾಗದು.

ಕೊನೆಗೆ, ಮತ್ತೆ ದುರಸ್ತಿ ಮಾಡಿಸುವ ಮುಂಚೆಯೇ ಬೇರೊಂದು ಗ್ಯಾರೇಜಿನಲ್ಲಿ ತಪಾಸಣೆಯನ್ನಷ್ಟೇ ಮಾಡಿಸಿದೆ. ಕೊಳವೆಗಳೊಳಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಹೊಗೆ ಪರೀಕ್ಷೆಯಲ್ಲಿ, ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಯ ಬಿರುಕು ಕಂಡಿತು. ಅದರ ಚಿತ್ರವನ್ನೂ, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕೊರತೆ ತುಂಬಲು ಎಂಜಿನ್ನಿನ ಕಂಪ್ಯೂಟರ್ ಹೆಚ್ಚುವರಿಯಾಗಿ ಸೇರಿಸುವ ಪೆಟ್ರೋಲಿನ ಪ್ರಮಾಣ) ಶೇ 22 ಇದ್ದ ದಾಖಲೆಯನ್ನೂ ಲಿಖಿತವಾಗಿ ಪಡೆದೆ. ಬಂದು ನೋಡಲು ಮೊದಲ ಗ್ಯಾರೇಜಿಗೆ 7 ದಿನ ಕೊಟ್ಟೆ, ಅವರು ಬರಲಿಲ್ಲ. ಆಮೇಲೆ ಕೊಳವೆಯನ್ನು ಬದಲಿಸಿ, ನಾನು ಕೇಳಿ ಇಟ್ಟುಕೊಂಡಿದ್ದ ಹಳೆಯ ಸೆನ್ಸರನ್ನೇ ಮರಳಿ ಕೂರಿಸಿ 200 ಕಿ.ಮೀ. ಓಡಿಸಿದಾಗ ಟ್ರಿಮ್ ಶೇ 3ಕ್ಕೆ ಇಳಿಯಿತು, ದೀಪ ಉರಿಯಲಿಲ್ಲ; ಅಂದರೆ ಹಳೆಯ ಸೆನ್ಸರ್ ಕೆಟ್ಟಿರಲೇ ಇಲ್ಲ. ಹಳೆಯ ಬಿಡಿಭಾಗವನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದರೆ ಈ ಸಾಕ್ಷ್ಯ ಸಿಗುತ್ತಿರಲಿಲ್ಲ.

ಎರಡನೆಯ ಪತ್ರದಲ್ಲಿ ಬಿಲ್ಲಿನ ಸಂಖ್ಯೆ, ಟ್ರಿಮ್‌ನ ಎರಡೂ ಅಳತೆಗಳು ಮತ್ತು 14 ದಿನದ ಗಡುವು ಬರೆದು, ಹೊಸ ಸೆನ್ಸರನ್ನು ಹಿಂದಿರುಗಿಸುವೆನೆಂದು ತಿಳಿಸಿ, ಅದರ ಬೆಲೆ, ಕೂಲಿ ಹಾಗೂ ತಪಾಸಣಾ ಶುಲ್ಕವನ್ನು ಮಾತ್ರ ಕೇಳಿದೆ. ಕೊಳವೆಯ ಖರ್ಚು ಹೇಗೂ ನನ್ನದೇ ಆಗಿತ್ತು. 11ನೆಯ ದಿನ ಹಣ ಖಾತೆಗೆ ಬಂತು.