ಸಸ್ಯರೋಗ ತರುವ ಬ್ಯಾಕ್ಟೀರಿಯಾಗಳ ಸಂಶೋಧನೆಗೆ ಇಳಿಯುವವರಿಗೆ

ಸಸ್ಯಗಳಿಗೆ ರೋಗ ತರುವ ಬ್ಯಾಕ್ಟೀರಿಯಾಗಳ ಅಧ್ಯಯನವನ್ನೇ ವೃತ್ತಿಯಾಗಿ ಆರಿಸಿಕೊಳ್ಳುವವರು ಮೊದಲು ರೋಗ ತಗಲಿದ ಗಿಡವನ್ನು ನೋಡಲು ಕಲಿಯಬೇಕು. ಡಿಎನ್‌ಎ ಓದುವುದು ಆಮೇಲಿನ ಮಾತು. ಟೊಮೆಟೊ ಗಿಡ ಎಲೆ ಹಸಿರಾಗಿರುವಾಗಲೇ ಒಮ್ಮೆಲೇ ಬಾಡಿದರೆ ಅದಕ್ಕೆ ನೀರಿನ ಕೊರತೆ, ಶಿಲೀಂಧ್ರ, ಬ್ಯಾಕ್ಟೀರಿಯಾ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ, ತುಂಡಿನ ತುದಿ ಮಾತ್ರ ಮುಳುಗುವಂತೆ ತಿಳಿನೀರಿನ ಗಾಜಿನ ಲೋಟದಲ್ಲಿ ಅಲುಗಾಡಿಸದೆ ಹಿಡಿಯಿರಿ. ನೀರು ಸಾಗಿಸುವ ನಾಳಗಳಲ್ಲಿ ಸೊರಗು ರೋಗ ತರುವ ಬ್ಯಾಕ್ಟೀರಿಯಾ ರಾಲ್‌ಸ್ಟೋನಿಯ ಸೊಲನೇಸಿಯಾರಮ್ ತುಂಬಿಕೊಂಡಿದ್ದರೆ ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಸಣ್ಣ ಎಳೆಗಳು ನೀರಿಗೆ ಇಳಿಯತೊಡಗುತ್ತವೆ. ಆ ಬಿಳಿ ಎಳೆಗಳಲ್ಲಿರುವುದು ಕೋಟ್ಯಂತರ ಜೀವಕೋಶಗಳು. ಈ ಪರೀಕ್ಷೆಯನ್ನು ಸ್ವಂತ ಕೈಯಿಂದ ಮಾಡದೆ ಯಾರೂ ಸೊರಗು ರೋಗದ ಸಂಶೋಧನೆಗೆ ತೊಡಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲೆಯ ಮಚ್ಚೆಯಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸುವಾಗ ಸತ್ತು ಒಣಗಿದ ನಡುಭಾಗವನ್ನು ಬಿಟ್ಟು, ರೋಗ ಮತ್ತು ಆರೋಗ್ಯ ಕೂಡುವ ಅಂಚನ್ನೇ ಆರಿಸಬೇಕು. ಸತ್ತ ಭಾಗದಲ್ಲಿ ಕೊಳೆತದ್ದನ್ನು ತಿಂದು ಬದುಕುವ ಬೇರೆ ಜೀವಿಗಳು ಆಗಲೇ ನೆಲೆಯೂರಿರುತ್ತವೆ. ತುಂಡನ್ನು ಮೇಲ್ಮೈ ಶುದ್ಧಿ ಮಾಡಿ, ಕ್ರಿಮಿರಹಿತ ನೀರಿನಲ್ಲಿ ಜಜ್ಜಿ, ಅಗಾರ್ ತಟ್ಟೆಯ (ಬ್ಯಾಕ್ಟೀರಿಯಾ ಬೆಳೆಸಲು ಪೋಷಕಾಂಶ ಬೆರೆಸಿ ಗಟ್ಟಿಯಾಗಿಸಿದ ಲೋಳೆಯ ತಟ್ಟೆ) ಮೇಲೆ ಗೀರಿ, ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ರಾಲ್‌ಸ್ಟೋನಿಯವನ್ನು ಟೆಟ್ರಜೋಲಿಯಂ ಎಂಬ, ಬೆಳೆಯುವ ಕೋಶಗಳಲ್ಲಿ ಕೆಂಪಾಗುವ ರಾಸಾಯನಿಕ ಸೇರಿಸಿದ ಮಾಧ್ಯಮದಲ್ಲಿ ಬೆಳೆಸಿದರೆ ರೋಗ ತರುವ ಶಕ್ತಿಯುಳ್ಳ ಕಾಲೊನಿಗಳು (ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪುಗಳು) ಬಿಳಿಯಾಗಿ, ಲೋಳೆಲೋಳೆಯಾಗಿ, ನಡುವೆ ನಸುಗೆಂಪಾಗಿ ಹರಡಿಕೊಳ್ಳುತ್ತವೆ. ಆ ಶಕ್ತಿಯನ್ನು ಕಳೆದುಕೊಂಡವು ಚಿಕ್ಕದಾಗಿ, ದುಂಡಗೆ, ಕಡುಗೆಂಪಾಗಿ ಕಾಣುತ್ತವೆ. ಮತ್ತೆ ಮತ್ತೆ ತಟ್ಟೆ ಬದಲಿಸುತ್ತಾ ಹೋದಂತೆ ಈ ಎರಡನೆಯ ಬಗೆ ಹೆಚ್ಚುತ್ತದೆ. ಇದನ್ನು ಗಮನಿಸದೆ ತಿಂಗಳುಗಟ್ಟಲೆ ದುಡಿದು, ಕೊನೆಗೆ ಗಿಡಕ್ಕೆ ರೋಗವೇ ಬಾರದಿದ್ದಾಗ ಕಂಗೆಟ್ಟವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಬ್ಯಾಕ್ಟೀರಿಯಾದ ಹೊಸ ತಳಿ ಕೈಸೇರಿದ ವಾರದಲ್ಲೇ ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಹಲವು ಪ್ರತಿಗಳನ್ನು ಕಾಪಿಡಿ. ರಾಲ್‌ಸ್ಟೋನಿಯವು ಕ್ರಿಮಿರಹಿತ ಬಟ್ಟಿ ಇಳಿಸಿದ ನೀರಿನಲ್ಲಿ, ಕೋಣೆಯ ಉಷ್ಣಾಂಶದಲ್ಲೂ ದೀರ್ಘಕಾಲ ಬದುಕಿರುತ್ತದೆ.

ರೋಗಪೀಡಿತ ಗಿಡದಲ್ಲಿ ಸಿಕ್ಕಿತೆಂಬ ಮಾತ್ರಕ್ಕೆ ಅದೇ ರೋಗಕಾರಕವೆಂದು ಹೇಳಲಾಗದು. ಶುದ್ಧ ಕಲ್ಚರನ್ನು, ಎಂದರೆ ಬೇರೇನೂ ಬೆರೆಯದಂತೆ ಬೆಳೆಸಿದ ಆ ಒಂದೇ ಬ್ಯಾಕ್ಟೀರಿಯಾವನ್ನು, ಆರೋಗ್ಯವಂತ ಗಿಡಕ್ಕೆ ಸೇರಿಸಬೇಕು, ಅದೇ ಲಕ್ಷಣ ಕಾಣಿಸಿಕೊಳ್ಳಬೇಕು, ಆ ಗಿಡದಿಂದ ಅದೇ ಬ್ಯಾಕ್ಟೀರಿಯಾ ಮತ್ತೆ ಸಿಗಬೇಕು. ಪಕ್ಕದಲ್ಲಿ ಬರೀ ನೀರು ಸೇರಿಸಿದ ಗಿಡ ಆರೋಗ್ಯವಾಗಿಯೇ ಉಳಿಯಬೇಕು. ಮೊದಲ ಸುಳಿವಿಗೆ ತಂಬಾಕಿನ ಎಲೆ ಸಹಾಯಕ. ಮಿಲಿಲೀಟರಿಗೆ ಸುಮಾರು ಹತ್ತು ಕೋಟಿ ಕೋಶಗಳಿರುವ ದ್ರಾವಣವನ್ನು ಎಲೆಯೊಳಗೆ ಸೇರಿಸಿದರೆ ಅನೇಕ ರೋಗಕಾರಕಗಳಿಗೆ ಎದುರಾಗಿ ಆ ಭಾಗ 24 ಗಂಟೆಗಳೊಳಗೆ ಕುಸಿದು ಒಣಗುತ್ತದೆ. ಆದರೆ ಗಿಡದಲ್ಲಿ ಗಂಟುರೋಗ ತರುವ ಅಗ್ರೊಬ್ಯಾಕ್ಟೀರಿಯಂ ಈ ಪ್ರತಿಕ್ರಿಯೆಯನ್ನು ಉಂಟುಮಾಡುವುದಿಲ್ಲವಾದ್ದರಿಂದ, ಎಲೆ ಒಣಗಲಿಲ್ಲವೆಂದು ತಟ್ಟೆಯನ್ನು ಎಸೆದುಬಿಡಬೇಡಿ.

ಜೀವಿಯ ಆಯ್ಕೆಯಲ್ಲಿ ಕಾಲದ ಲೆಕ್ಕಾಚಾರವೂ ಮುಖ್ಯ. ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಹಲವು ಎರಡು ಮೂರು ದಿನಗಳಲ್ಲಿ ಕಾಲೊನಿ ಕಟ್ಟಿದರೆ, ದ್ರಾಕ್ಷಿಯಂಥ ಗಿಡಗಳ ನೀರಿನ ನಾಳಗಳಲ್ಲಿ ಬೆಳೆಯುವ ಕ್ಸೈಲೆಲ್ಲ ಫಾಸ್ಟಿಡಿಯೋಸ ವಾರಗಟ್ಟಲೆ ಕಾಯಿಸುತ್ತದೆ. ಹಾಗಿದ್ದೂ, 2000ದಲ್ಲಿ ಸಸ್ಯರೋಗಕಾರಕ ಬ್ಯಾಕ್ಟೀರಿಯಾಗಳ ಪೈಕಿ ಮೊದಲು ಪೂರ್ಣ ಜೀನೋಮ್ (ಡಿಎನ್‌ಎಯ ಇಡೀ ಬರಹ) ಪ್ರಕಟವಾದದ್ದು ಇದರದೇ. ಪಿಎಚ್‌ಡಿಯ ಅವಧಿ ಸೀಮಿತವಾಗಿರುವಾಗ ಬೇಗ ಬೆಳೆಯುವ ಜೀವಿಯನ್ನು ಆರಿಸಿಕೊಂಡು, ನಿಧಾನದವುಗಳನ್ನು ಸ್ವಂತ ಪ್ರಯೋಗಾಲಯ ದೊರೆತ ಮೇಲೆ ಕೈಗೆತ್ತಿಕೊಳ್ಳುವುದು ಒಳಿತು. ಪ್ರಶ್ನೆ ಮಾತ್ರ ದೂರ ಸಾಗುವಂಥದ್ದಾಗಿರಲಿ. ಅಮೆರಿಕದ ಸಸ್ಯರೋಗ ವಿಜ್ಞಾನಿಗಳಾದ ಎರ್ವಿನ್ ಸ್ಮಿತ್ ಮತ್ತು ಟೌನ್‌ಸೆಂಡ್ ಗಿಡದ ಗಂಟುರೋಗಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು 1907ರಲ್ಲಿ ತೋರಿಸಿದರು. ಆ ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ತುಣುಕನ್ನೇ ಸಸ್ಯದ ಕೋಶಕ್ಕೆ ಸೇರಿಸುತ್ತದೆ ಎಂಬುದಕ್ಕೆ ಮೇರಿ ಡೆಲ್ ಚಿಲ್ಟನ್ ಮತ್ತು ಸಂಗಡಿಗರಿಂದ ಪುರಾವೆ ಸಿಕ್ಕಿದ್ದು 1977ರಲ್ಲಿ. ಸಸ್ಯಗಳಿಗೆ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆಂಬುದನ್ನೇ ಒಪ್ಪದ ಜರ್ಮನಿಯ ಆಲ್ಫ್ರೆಡ್ ಫಿಶರ್ ಅವರೊಂದಿಗೆ ಇದೇ ಸ್ಮಿತ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವರ್ಷಗಟ್ಟಲೆ ವಾದಿಸಬೇಕಾಯಿತು.

ಹಳೆಯ ಲೇಖನಗಳನ್ನು ಹುಡುಕುವಾಗ ಹಳೆಯ ಹೆಸರುಗಳು ಗೊತ್ತಿರಬೇಕು. 1896ರಲ್ಲಿ ಬ್ಯಾಸಿಲಸ್ ಸೊಲನೇಸಿಯಾರಮ್ ಎನಿಸಿಕೊಂಡದ್ದು ಮುಂದೆ ಸ್ಯೂಡೊಮೊನಾಸ್ ಆಗಿ, 1992ರಲ್ಲಿ ಬರ್ಕ್‌ಹೋಲ್ಡೇರಿಯ ಆಗಿ, 1995ರಲ್ಲಿ ರಾಲ್‌ಸ್ಟೋನಿಯ ಆಯಿತು. ಇಂದಿನ ಹೆಸರಿನಿಂದಷ್ಟೇ ಹುಡುಕಿದರೆ ಸುಮಾರು ನೂರು ವರ್ಷಗಳ ಕೆಲಸ ಕಣ್ಣಿಗೆ ಬೀಳದೆ ಹೋಗುತ್ತದೆ.

ಇವುಗಳಲ್ಲಿ ಕೆಲವು ಜೀವಿಗಳ ಸಾಗಣೆಗೆ ಕಟ್ಟುನಿಟ್ಟಿನ ಕ್ವಾರಂಟೈನ್ ನಿಯಮಗಳಿವೆ. ಅನುಮತಿ ಕೈಸೇರುವ ಮೊದಲು ತಳಿಯನ್ನು ತರಿಸಬಾರದು, ಆಟೋಕ್ಲೇವ್ ಮಾಡದೆ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿರಹಿತಗೊಳಿಸದೆ) ಒಂದು ತಟ್ಟೆಯನ್ನೂ ಹೊರಗೆ ಬಿಡಬಾರದು. ಪ್ರತಿ ತಳಿಗೂ ಸಂಖ್ಯೆ, ಯಾವ ಗಿಡದ ಯಾವ ಭಾಗದಿಂದ, ಎಲ್ಲಿ, ಯಾವ ದಿನ ಪಡೆದದ್ದು, ಕೊನೆಯ ಬಾರಿ ಗಿಡದಲ್ಲಿ ರೋಗ ತಂದದ್ದು ಯಾವಾಗ ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಲೇಖನ ಪ್ರಕಟಿಸುವಾಗ ಆ ತಳಿಯ ಒಂದು ಪ್ರತಿಯನ್ನು ಸಾರ್ವಜನಿಕ ಕಲ್ಚರ್ ಸಂಗ್ರಹಾಲಯಕ್ಕೆ ಒಪ್ಪಿಸಿ, ಅಲ್ಲಿ ಕೊಟ್ಟ ಸಂಖ್ಯೆಯನ್ನು ಲೇಖನದಲ್ಲೇ ನಮೂದಿಸಿ.