ಊರಿನ ಮೇಲೆ ಬಾಂಬ್ ಹಾಕುವುದು ಸರಿಯೇ? ತರಗತಿಯಲ್ಲಿ ಈ ಚರ್ಚೆ ನಡೆಸುವುದು ಹೀಗೆ

ನಾನು ಡಿಗ್ರಿ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಯುದ್ಧದಲ್ಲಿ ನಾಗರಿಕರ ಮೇಲೆ ಬಾಂಬ್ ಹಾಕಬಹುದಾ ಅಂತ ಸುಮ್ನೆ ಕೇಳಿಬಿಟ್ಟರೆ ಅರ್ಧ ಕ್ಲಾಸು "ತಪ್ಪು ಮೇಡಂ" ಅನ್ನುತ್ತದೆ, ಇನ್ನರ್ಧ "ಯುದ್ಧ ಅಂದಮೇಲೆ ಇದೆಲ್ಲ ಇದ್ದದ್ದೇ" ಅನ್ನುತ್ತದೆ. ಮಾತು ಅಲ್ಲಿಗೇ ಮುಗಿಯಿತು.

ಅದಕ್ಕೆ ಹಿರೋಶಿಮಾದಿಂದ ಶುರುಮಾಡಬೇಡಿ. ಅದರ ಬಗ್ಗೆ ಎಲ್ಲರದ್ದೂ ಮೊದಲೇ ಒಂದು ತೀರ್ಮಾನ ಇರುತ್ತದೆ. 1945ರ ಎರಡು ದಾಳಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ಎರಡೂ ಬ್ರಿಟಿಷ್ ವಾಯುಪಡೆಯದ್ದೇ, ನಡುವೆ ಐದೇ ವಾರ.

ಫೆಬ್ರವರಿ 13ರ ರಾತ್ರಿ, ಜರ್ಮನಿಯ ಡ್ರೆಸ್ಡನ್. ಮೊದಲು ದೊಡ್ಡ ಬಾಂಬುಗಳು ಚಾವಣಿ, ಕಿಟಕಿ ಕಿತ್ತುಹಾಕಿದವು. ಬೆಂಕಿ ಬಾಂಬುಗಳು ಒಳಗೆ ಬಿದ್ದವು. ಮೂರು ಗಂಟೆ ಬಿಟ್ಟು ಎರಡನೇ ತಂಡ ಬಂತು; ಅಷ್ಟೊತ್ತಿಗೆ ಬೆಂಕಿ ಆರಿಸುವವರು ಬೀದಿಯಲ್ಲಿದ್ದರು. ಪೂರ್ವದಿಂದ ಓಡಿಬಂದ ನಿರಾಶ್ರಿತರೂ ಊರಲ್ಲಿ ತುಂಬಿದ್ದರು. ಸತ್ತವರು ಸುಮಾರು 25,000. ಯಾರಾದರೊಬ್ಬರು ಮೊಬೈಲ್ ನೋಡಿ "ಎರಡು ಲಕ್ಷ ಮೇಡಂ" ಅಂದೇ ಅನ್ನುತ್ತಾರೆ. ಅದು ನಾಜಿ ಪ್ರಚಾರದವರು ಹಬ್ಬಿಸಿದ ಲೆಕ್ಕ. ಅಂಕಿ ಮೊದಲು ಸರಿಮಾಡಿ.

ಮಾರ್ಚ್ 21, ಆಗ ಜರ್ಮನಿಯ ವಶದಲ್ಲಿದ್ದ ಡೆನ್ಮಾರ್ಕಿನ ಕೋಪನ್‌ಹೇಗನ್. ಗುರಿ ಗೆಸ್ಟಾಪೊ (ನಾಜಿಗಳ ಗುಪ್ತ ಪೊಲೀಸರು) ಕಚೇರಿಯಿದ್ದ ಶೆಲ್‌ಹುಸ್ ಕಟ್ಟಡ. ದಾಳಿ ಮಾಡಿ ಅಂತ ಕೇಳಿಕೊಂಡವರು ಡೆನ್ಮಾರ್ಕಿನ ಭೂಗತ ಹೋರಾಟಗಾರರೇ. ತೀರಾ ತಗ್ಗಿನಲ್ಲಿ ಹಾರಿಬಂದ ವಿಮಾನಗಳಲ್ಲಿ ಒಂದು ಕಂಬಕ್ಕೆ ತಗುಲಿ ಶಾಲೆಯೊಂದರ ಹತ್ತಿರ ಬಿತ್ತು. ಹಿಂದೆ ಬಂದ ಕೆಲವರು ಆ ಹೊಗೆಯನ್ನೇ ಗುರಿ ಅಂದುಕೊಂಡರು. 86 ಮಕ್ಕಳು ಸತ್ತರು.

ಈಗ ಕೇಳಿ: ಒಂದು ಮನೆಯೂ ಸುಡದೆ, ಒಬ್ಬ ನಾಗರಿಕನೂ ಸಾಯದೆ ಇದ್ದಿದ್ದರೆ ದಾಳಿಗೆ ಕಳಿಸಿದವರು ಸದ್ಯ ಅಂತ ನಿಟ್ಟುಸಿರು ಬಿಡುತ್ತಿದ್ದರಾ, ಕೆಲಸ ಕೆಟ್ಟಿತು ಅನ್ನುತ್ತಿದ್ದರಾ? ಕೋಪನ್‌ಹೇಗನ್‌ಗೆ ಉತ್ತರ ಬೇಗ ಬರುತ್ತದೆ. ಡ್ರೆಸ್ಡನ್ ಬಂದಾಗ "ಅಲ್ಲಿ ರೈಲ್ವೆ ಇತ್ತು, ಕಾರ್ಖಾನೆ ಇತ್ತು" ಅನ್ನುತ್ತಾರೆ. ಇತ್ತು, ನಿಜ. ಆದರೆ ಆ ರಾತ್ರಿ ಗುರಿಯಿಟ್ಟದ್ದು ಹಳೇ ಊರಿನ ಮೇಲೆ. ಬ್ರಿಟಿಷ್ ಬಾಂಬರ್ ಪಡೆಗೆ ಕೊಟ್ಟ 1942ರ ಫೆಬ್ರವರಿಯ ಆದೇಶವೇ ಶತ್ರು ದೇಶದ ಜನರ, ಅದರಲ್ಲೂ ಕಾರ್ಮಿಕರ, ಧೈರ್ಯ ಮುರಿಯಬೇಕು ಅಂತಿತ್ತು. ಇದನ್ನು ನೀವಾಗೇ ಮೊದಲು ಹೇಳಬೇಡಿ, ರೈಲ್ವೆ ಮಾತು ಬರಲಿ.

ಹಾಗಂತ ಕೋಪನ್‌ಹೇಗನ್ ದಾಳಿಯನ್ನು ಸುಲಭಕ್ಕೆ ಪಾಸು ಮಾಡಬೇಡಿ. ಅಷ್ಟು ಒತ್ತೊತ್ತಾದ ಊರಲ್ಲಿ ಅಷ್ಟು ತಗ್ಗಿನಲ್ಲಿ ಹಾರುವಾಗ ಬೇಕಾದಷ್ಟು ಎಚ್ಚರ ವಹಿಸಿದ್ದರಾ? ನನಗೆ ಡ್ರೆಸ್ಡನ್‌ಗಿಂತ ಇದೇ ಜಾಸ್ತಿ ಕಷ್ಟದ ಪ್ರಶ್ನೆ.

ಮುಂದಿನದು ಮುಖ್ಯ. ಪ್ರತಿ ವಾದಕ್ಕೂ ತಾರೀಖು ಕೇಳಿ. "ಬೇರೆ ದಾರಿ ಇರಲಿಲ್ಲ" ಅಂದರೆ, ಯಾವಾಗ? 1941ರಲ್ಲಿ ಬ್ರಿಟಿಷ್ ಸರ್ಕಾರವೇ ಪರಿಶೀಲಿಸಿದಾಗ, ಗುರಿಗೆ ಬಾಂಬ್ ಹಾಕಿದೆವು ಅಂದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಐದು ಮೈಲಿಯೊಳಗೆ ಹೋಗಿತ್ತು. ರಾತ್ರಿ ಕಾರ್ಖಾನೆಯೇ ಸಿಗದವರಿಗೆ ಇಡೀ ಊರೇ ಗುರಿಯಾಯಿತು. ಆಗ ಆ ವಾದಕ್ಕೆ ಸ್ವಲ್ಪ ತೂಕವಿತ್ತು. 1945ರ ಫೆಬ್ರವರಿಯಲ್ಲಿ ಸೋವಿಯತ್ ಸೇನೆ ಆಗಲೇ ಬರ್ಲಿನ್ ಹತ್ತಿರದ ಓಡರ್ ನದಿ ತಲುಪಿತ್ತು. ಅದೇ ಮಾತು ಈಗಲೂ ನಿಲ್ಲುತ್ತದಾ?

"ಇವತ್ತು ಕೂತು ಅವತ್ತಿನವರನ್ನು ತೂಗುವುದು ಸುಲಭ" ಅಂತ ಒಬ್ಬ ಜಾಣ ಹೇಳುತ್ತಾನೆ. ಅವನಿಗೆ ಬಿಷಪ್ ಜಾರ್ಜ್ ಬೆಲ್ ಬಗ್ಗೆ ಹೇಳಿ. ಊರೂರನ್ನೇ ನೆಲಸಮ ಮಾಡುವುದು ಸರಿಯಲ್ಲ ಅಂತ ಅವರು 1944ರಲ್ಲೇ, ಯುದ್ಧ ನಡೆಯುತ್ತಿರುವಾಗಲೇ, ಬ್ರಿಟಿಷ್ ಸಂಸತ್ತಿನಲ್ಲಿ ಎದ್ದು ಹೇಳಿದ್ದರು. ಡ್ರೆಸ್ಡನ್ ಆದಮೇಲೆ ಚರ್ಚಿಲ್ ಕೂಡ ಭಯ ಹುಟ್ಟಿಸುವ ಬಾಂಬ್ ದಾಳಿ ಬೇಕಾ ಅಂತ ಟಿಪ್ಪಣಿ ಬರೆದರು. ವಾಯುಪಡೆಯವರು ಮುನಿದಾಗ ಅದನ್ನು ವಾಪಸ್ ಪಡೆದು ಮೆತ್ತಗೆ ಬರೆದರು.

ಪೈಲಟ್‌ಗಳನ್ನು ಖಳನಾಯಕರಾಗಲು ಬಿಡಬೇಡಿ. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಸತ್ತವರೇ 55,000ಕ್ಕೂ ಹೆಚ್ಚು.

ಕಾನೂನು ಕೊನೆಗಿರಲಿ. ನಾಗರಿಕರನ್ನು ಗುರಿ ಮಾಡಬಾರದು ಅಂತ ಬಿಡಿಸಿ ಹೇಳಿದ 1977ರ ಜಿನೀವಾ ಹೆಚ್ಚುವರಿ ಒಪ್ಪಂದಕ್ಕೆ ಅಮೆರಿಕವೂ ಸೇರಿಲ್ಲ, ಭಾರತವೂ ಸೇರಿಲ್ಲ. ಇದರ ಮೇಲೆ ಇನ್ನೊಂದು ಪೀರಿಯಡ್ ಹೋದರೂ ಹೋಗಲಿ.

ಕೈ ಎತ್ತಿಸಿ ವೋಟು ಹಾಕಿಸಬೇಡಿ. ಅರ್ಧ ಹಾಳೆ ಕೊಟ್ಟು, ಶೆಲ್‌ಹುಸ್ ದಾಳಿಯ ಆದೇಶವನ್ನು ಅವರೇ ಬರೆಯಲಿ: ಏನನ್ನು ಹೊಡೆಯಬೇಕು, ಏನು ಕಂಡರೆ ಬಾಂಬ್ ಹಾಕದೆ ವಾಪಸ್ ಬರಬೇಕು. ಸಹಿ ಕಡ್ಡಾಯ.